ಪಂಪು ಒಳ್ಳೆಯದಾದರೆ ಸಾಲದು, ಕೊಳವೆ ಜೋಡಣೆಯೂ ಸರಿಯಿರಬೇಕು

ಬಾವಿ ತೋಡಿಸುವುದಕ್ಕೂ ಪಂಪುಸೆಟ್ಟು ಕೊಳ್ಳುವುದಕ್ಕೂ ರೈತರು ಸಾಕಷ್ಟು ಹಣ ವೆಚ್ಚ ಮಾಡುತ್ತಾರೆ. ಯಾವ ಪಂಪು ಒಳ್ಳೆಯದು, ಎಷ್ಟು ಅಶ್ವಶಕ್ತಿಯದು ಬೇಕು ಎಂಬುದನ್ನು ನಾಲ್ಕು ಜನರಲ್ಲಿ ವಿಚಾರಿಸಿ ತೀರ್ಮಾನಿಸುತ್ತಾರೆ. ಆದರೆ ಕೊಳವೆಗಳ ವಿಷಯಕ್ಕೆ ಬಂದಾಗ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು, ಹೇಗೋ ಜೋಡಿಸಿ, ನೀರು ಬಂದರೆ ಸಾಕೆಂದು ಸುಮ್ಮನಾಗುವುದೇ ಹೆಚ್ಚು. ಮಳೆಗಾಲದಲ್ಲಿ ಚೆನ್ನಾಗಿ ನೀರೆತ್ತಿದ ಪಂಪು, ಬೆಳೆಗೆ ನೀರು ತೀರ ಅಗತ್ಯವಾಗುವ ಮಾರ್ಚ್–ಏಪ್ರಿಲ್ ತಿಂಗಳಲ್ಲಿ ಕೈಕೊಡುತ್ತದೆ. ಆಗ ದೂರು ಪಂಪಿನ ಮೇಲೆ ಬರುತ್ತದೆ. ಪರೀಕ್ಷಿಸಿ ನೋಡಿದರೆ ದೋಷ ಅನೇಕ ವೇಳೆ ಕೊಳವೆ ಜೋಡಣೆಯಲ್ಲಿರುತ್ತದೆ.

ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ವಿದ್ಯುತ್ ಉಚಿತ. ಬಿಲ್ಲು ಕಟ್ಟುವಂತಿಲ್ಲವಾದ್ದರಿಂದ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಆದರೆ ಮೂರು ಫೇಸ್ ವಿದ್ಯುತ್ ಸಿಗುವುದು ದಿನಕ್ಕೆ ಕೆಲವೇ ಗಂಟೆ. ಒಂದು ಎಕರೆಗೆ 5 ಸೆಂ.ಮೀ., ಎಂದರೆ ಎರಡು ಅಂಗುಲ ನೀರು ನಿಲ್ಲಿಸಲು ಸುಮಾರು 2 ಲಕ್ಷ ಲೀಟರ್ ನೀರು ಬೇಕು. ಸೆಕೆಂಡಿಗೆ 10 ಲೀಟರ್ ಕೊಡುವ ಪಂಪು ಈ ಕೆಲಸವನ್ನು ಐದೂವರೆ ಗಂಟೆಯಲ್ಲಿ ಮುಗಿಸುತ್ತದೆ. ಜೋಡಣೆಯ ದೋಷದಿಂದ ಅದೇ ಪಂಪು 7 ಲೀಟರ್ ಕೊಟ್ಟರೆ 8 ಗಂಟೆ ಬೇಕಾಗುತ್ತದೆ. ಅಷ್ಟರಲ್ಲಿ ವಿದ್ಯುತ್ ಹೋಗಿರುತ್ತದೆ, ಕೊನೆಯ ಮಡಿಗಳು ಒಣಗಿಯೇ ಉಳಿಯುತ್ತವೆ. ಡೀಸೆಲ್ ಎಂಜಿನ್ ಇದ್ದವರಿಗಂತೂ ಈ ನಷ್ಟ ನೇರವಾಗಿ ಜೇಬಿನಿಂದಲೇ ಹೋಗುತ್ತದೆ.

ಇಲ್ಲಿ ಹೇಳುವ ವಿಷಯ ತೆರೆದ ಬಾವಿ, ಕೆರೆ ಮತ್ತು ಕೃಷಿ ಹೊಂಡಗಳಿಂದ ನೀರೆತ್ತುವ ಮೋನೋಬ್ಲಾಕ್ ಪಂಪು ಹಾಗೂ ಎಂಜಿನ್ ಪಂಪುಗಳಿಗೆ ಸಂಬಂಧಿಸಿದ್ದು. ಆಳವಾದ ಕೊಳವೆ ಬಾವಿಗಳಿಗೆ ಸಬ್‌ಮರ್ಸಿಬಲ್ ಪಂಪೇ ಬೇಕು.

ಪಂಪು ನೀರನ್ನು ಹೀರುವುದಿಲ್ಲ

ಸಕ್ಷನ್ ಪೈಪನ್ನು ಕನ್ನಡದಲ್ಲಿ ಹೀರು ಕೊಳವೆ ಎನ್ನುತ್ತೇವೆ. ಈ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ನಿಜವಾಗಿ ಪಂಪು ನೀರನ್ನು ಮೇಲಕ್ಕೆ ಎಳೆಯುವುದಿಲ್ಲ. ಪಂಪಿನೊಳಗಿನ ಚಕ್ರ ತಿರುಗಿ ತನ್ನಲ್ಲಿದ್ದ ನೀರನ್ನು ಹೊರಕ್ಕೆ ಎಸೆದಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಬಾವಿಯ ನೀರಿನ ಮೇಲೆ ಸದಾ ಒತ್ತುತ್ತಿರುವ ಗಾಳಿಯ ಭಾರ ನೀರನ್ನು ಕೊಳವೆಯೊಳಗೆ ತಳ್ಳುತ್ತದೆ. ಮೇಲೇರಿಸುವ ಶಕ್ತಿ ಗಾಳಿಯದು. ಅದಕ್ಕೆ ಒಂದು ಮಿತಿ ಇದೆ.

ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 10.3 ಮೀಟರ್ ಎತ್ತರದ ನೀರಿಗೆ ಸಮ. ಮಂಗಳೂರು, ಉಡುಪಿಯ ಕರಾವಳಿಗೆ ಈ ಲೆಕ್ಕ ಹೊಂದುತ್ತದೆ. ಮೇಲಕ್ಕೆ ಹೋದಂತೆ ಒತ್ತಡ ಇಳಿಯುತ್ತದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಸುತ್ತಮುತ್ತ ಅದು 9.3 ಮೀಟರಿನಷ್ಟಿರುತ್ತದೆ. ಇದರಲ್ಲಿ ಸುಮಾರು ಅರ್ಧ ಮೀಟರ್ ನೀರಿನ ಆವಿಗೆ ಹೋಗುತ್ತದೆ. ನೀರು ಪಂಪಿನ ಚಕ್ರದೊಳಗೆ ಸರಾಗವಾಗಿ ನುಗ್ಗಬೇಕಾದರೆ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಮೀಟರ್ ಒತ್ತಡ ಪಂಪಿನ ಬಾಯಿಯಲ್ಲಿ ಉಳಿದಿರಬೇಕು. ಇವೆರಡನ್ನೂ ಕಳೆದರೆ ನಮ್ಮ ಕೈಗೆ ಸಿಗುವುದು 6 ಮೀಟರ್, ಎಂದರೆ 20 ಅಡಿ ಮಾತ್ರ. ನೀರಿನ ಮಟ್ಟದಿಂದ ಪಂಪಿನವರೆಗಿನ ನೇರ ಎತ್ತರವೂ, ಕೊಳವೆ, ಬಾಗು ಮತ್ತು ಫುಟ್‌ವಾಲ್ವಿನಲ್ಲಾಗುವ ಘರ್ಷಣೆಯ ನಷ್ಟವೂ ಸೇರಿ ಈ ಮಿತಿಯೊಳಗೇ ಇರಬೇಕು. ಎಷ್ಟೇ ಅಶ್ವಶಕ್ತಿಯ ಮೋಟಾರು ಹಾಕಿದರೂ ಈ ಮಿತಿ ಹೆಚ್ಚುವುದಿಲ್ಲ.

ಒಂದು ಉದಾಹರಣೆ ನೋಡೋಣ. ಬೇಸಿಗೆಯಲ್ಲಿ ನೀರಿನ ಮಟ್ಟ ಪಂಪಿಗಿಂತ 5 ಮೀಟರ್ ಕೆಳಗಿದೆ. ಹೀರು ಕೊಳವೆಯ ಉದ್ದ 8 ಮೀಟರ್. ಪಂಪು ಸೆಕೆಂಡಿಗೆ 10 ಲೀಟರ್ ನೀರೆತ್ತಬೇಕು. ಕೊಳವೆ 75 ಮಿ.ಮೀ. ಒಳವ್ಯಾಸದ ಹಳೆಯ ಕಬ್ಬಿಣದ್ದಾದರೆ ಕೊಳವೆ, ಬಾಗು, ಫುಟ್‌ವಾಲ್ವು ಎಲ್ಲ ಸೇರಿ ಸುಮಾರು 1.9 ಮೀಟರ್ ನಷ್ಟವಾಗುತ್ತದೆ. ಒಟ್ಟು 6.9 ಮೀಟರ್ ಆಯಿತು. ಪಂಪು ಪೂರ್ತಿ ನೀರು ಕೊಡಲಾರದು. ಅದೇ ಜಾಗದಲ್ಲಿ 100 ಮಿ.ಮೀ. ಕೊಳವೆ ಹಾಕಿದರೆ ನಷ್ಟ ಅರ್ಧ ಮೀಟರಿಗೆ ಇಳಿಯುತ್ತದೆ. ಒಟ್ಟು 5.5 ಮೀಟರ್, ಪಂಪು ಸುಖವಾಗಿ ನಡೆಯುತ್ತದೆ. ಕೊಳವೆಯನ್ನು ಒಂದು ಅಳತೆ ದಪ್ಪ ಮಾಡಿದ್ದು, ಪಂಪನ್ನೇ ನಾಲ್ಕು ಅಡಿಗೂ ಹೆಚ್ಚು ಕೆಳಗಿಳಿಸಿದ್ದಕ್ಕೆ ಸಮನಾಯಿತು.

ಪಂಪನ್ನು ಎಲ್ಲಿ ಕೂರಿಸಬೇಕು?

ಪಂಪಿನ ಸ್ಥಳವನ್ನು ಬೇಸಿಗೆಯ ನೀರಿನ ಮಟ್ಟ ನೋಡಿ ನಿರ್ಧರಿಸಬೇಕು. ಅದೂ ಪಂಪು ನಡೆಯುತ್ತಿರುವಾಗ ನೀರು ಎಷ್ಟು ಕೆಳಗಿಳಿಯುತ್ತದೋ ಆ ಮಟ್ಟ. ಅಲ್ಲಿಂದ ಪಂಪಿನ ನಡುಮಟ್ಟಕ್ಕೆ 4.5 ಮೀಟರಿಗಿಂತ (15 ಅಡಿ) ಹೆಚ್ಚು ಎತ್ತರ ಬಾರದಂತೆ ನೋಡಿಕೊಂಡರೆ ಕ್ಷೇಮ. ಯಾವ ಸಂದರ್ಭದಲ್ಲೂ 5 ಮೀಟರ್ ದಾಟಿಸಬೇಡಿ.

ಹಾಗೆಂದು ಪಂಪನ್ನು ತೀರ ಕೆಳಗಿಟ್ಟರೆ ಮಳೆಗಾಲದಲ್ಲಿ ಮೋಟಾರು ಮುಳುಗುತ್ತದೆ. ನೀರಿನ ಏರಿಳಿತ ಹೆಚ್ಚಿರುವ ಬಾವಿಗಳಲ್ಲಿ ಎರಡು ಮಟ್ಟದಲ್ಲಿ ಕಬ್ಬಿಣದ ತೊಲೆ ಹಾಕಿಸಿ ಅಟ್ಟಣೆ ಮಾಡಿಸುವುದು ಒಳ್ಳೆಯದು. ಅವೆರಡರ ನಡುವಿನ ಅಂತರಕ್ಕೆ ಸರಿಹೊಂದುವ ಒಂದು ಕೊಳವೆ ತುಂಡನ್ನು ಫ್ಲೇಂಜ್ ಹಾಕಿಸಿ ಸಿದ್ಧವಾಗಿಟ್ಟುಕೊಂಡರೆ, ಪಂಪನ್ನು ಇಳಿಸುವುದೂ ಏರಿಸುವುದೂ ಅರ್ಧ ದಿನದ ಕೆಲಸ. ಏರಿಳಿತ ಇನ್ನೂ ಹೆಚ್ಚಿದ್ದರೆ ತೆರೆದ ಬಾವಿಯ ಸಬ್‌ಮರ್ಸಿಬಲ್ ಪಂಪು ಉತ್ತಮ. ಅದು ನೀರಿನಲ್ಲೇ ಮುಳುಗಿರುವುದರಿಂದ ಅದಕ್ಕೆ ಹೀರು ಕೊಳವೆಯೂ ಬೇಡ, ಫುಟ್‌ವಾಲ್ವೂ ಬೇಡ.

ಎಚ್ಚರಿಕೆ: ಪಂಪನ್ನು ನೀರಿಗೆ ಹತ್ತಿರ ಮಾಡಬೇಕೆಂದು ಡೀಸೆಲ್ ಅಥವಾ ಪೆಟ್ರೋಲ್ ಎಂಜಿನ್ನನ್ನು ಬಾವಿಯೊಳಗೆ ಇಳಿಸಿ ನಡೆಸಲೇಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾವಿಯಲ್ಲಿ ಅದು ತುಂಬಿಕೊಂಡರೆ ಇಳಿದವರು ಕೂಗುವಷ್ಟರಲ್ಲಿ ಪ್ರಜ್ಞೆ ತಪ್ಪುತ್ತಾರೆ. ಅವರನ್ನು ಎತ್ತಲು ಇಳಿದ ಎರಡನೆಯವರಿಗೂ ಅದೇ ಗತಿಯಾಗುತ್ತದೆ. ವಿದ್ಯುತ್ ಪಂಪಾದರೆ ಬಾವಿಗೆ ಇಳಿಯುವ ಮೊದಲು ಮೇಲಿನ ಸ್ವಿಚ್ಚನ್ನು ಆರಿಸಿ ಫ್ಯೂಸು ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಮೋಟಾರಿಗೆ ಅರ್ಥಿಂಗ್ ಕಡ್ಡಾಯವಾಗಿ ಇರಲಿ.

ಹೀರು ಕೊಳವೆಯ ಜೋಡಣೆ

ಈ ಭಾಗದಲ್ಲಿ ಮಾಡಿದ ತಪ್ಪನ್ನು ಬೇರೆ ಯಾವುದರಿಂದಲೂ ಸರಿಪಡಿಸಲಾಗುವುದಿಲ್ಲ. ಕೆಳಗಿನ ಅಂಶಗಳನ್ನು ಗಮನದಲ್ಲಿಡಿ.

1. ಹೀರು ಕೊಳವೆ ಆದಷ್ಟು ಗಿಡ್ಡವಾಗಿ, ನೇರವಾಗಿ ಇರಲಿ. ಅದರ ವ್ಯಾಸ ಪಂಪಿನ ಬಾಯಿಗಿಂತ ಒಂದು ಅಳತೆ ದೊಡ್ಡದಿರಲಿ. ಯಾವ ಕಾರಣಕ್ಕೂ ಬಾಯಿಗಿಂತ ಚಿಕ್ಕ ಕೊಳವೆ ಹಾಕಬೇಡಿ.

2. ಕೊಳವೆಯ ಅಡ್ಡ ಭಾಗ ನೀರಿನ ಕಡೆಯಿಂದ ಪಂಪಿನ ಕಡೆಗೆ ಸ್ವಲ್ಪ ಏರುತ್ತಲೇ ಹೋಗಬೇಕು. ನಡುವೆ ಎಲ್ಲಿಯೂ ಡುಬ್ಬವಿರಬಾರದು. ಡುಬ್ಬವಿದ್ದರೆ ಅಲ್ಲಿ ಗಾಳಿ ಸೇರಿ, ನೀರಿನ ದಾರಿಯನ್ನು ಕಿರಿದು ಮಾಡುತ್ತದೆ. ಜೋಡಿಸುವಾಗ ರಸಮಟ್ಟ ಇಟ್ಟು ನೋಡಿ.

3. ದೊಡ್ಡ ಕೊಳವೆಯನ್ನು ಪಂಪಿನ ಬಾಯಿಗೆ ಸೇರಿಸಲು ಒಂದು ಪಕ್ಕ ಚಪ್ಪಟೆಯಿರುವ ರೆಡ್ಯೂಸರ್ ಬಳಸಿ, ಚಪ್ಪಟೆ ಪಕ್ಕವನ್ನು ಮೇಲ್ಮುಖವಾಗಿ ಕೂರಿಸಿ. ಸುತ್ತಲೂ ಸಮನಾಗಿ ಕಿರಿದಾಗುವ ರೆಡ್ಯೂಸರಿನಲ್ಲಿ ಮೇಲ್ಭಾಗದಲ್ಲಿ ಗಾಳಿ ನಿಲ್ಲುತ್ತದೆ.

4. ಮೊಳಕೈಯಂತೆ ಥಟ್ಟನೆ ತಿರುಗುವ ಎಲ್ಬೋಗಿಂತ ಉದ್ದನೆಯ ಬಾಗು ಒಳ್ಳೆಯದು. 75 ಮಿ.ಮೀ.ನ ಒಂದು ಎಲ್ಬೋ, ಎರಡು ಮೀಟರಿಗೂ ಹೆಚ್ಚು ಉದ್ದದ ನೇರ ಕೊಳವೆಯಷ್ಟು ಘರ್ಷಣೆ ಉಂಟುಮಾಡುತ್ತದೆ. ಬಾಗನ್ನು ಪಂಪಿನ ಬಾಯಿಗೇ ತಾಗಿಸದೆ, ನಡುವೆ ಒಂದೂವರೆ ಅಡಿಯಷ್ಟು ನೇರ ಕೊಳವೆ ಬಿಡಿ.

5. ಪಿ.ವಿ.ಸಿ. ಕೊಳವೆ ಹಾಕುವುದಾದರೆ ತೆಳುವಾದದ್ದು ಬೇಡ, 6 ಕೆ.ಜಿ. ಒತ್ತಡದ ದರ್ಜೆಯದನ್ನು ಆರಿಸಿ. ಹೀರು ಕೊಳವೆಯ ಒಳಗೆ ಒತ್ತಡ ಕಡಿಮೆ, ಹೊರಗೆ ಹೆಚ್ಚು. ಬಿಸಿಲಿಗೆ ಮೆತ್ತಗಾದ ತೆಳು ಕೊಳವೆ ಒಳಕ್ಕೆ ಕುಸಿಯಬಹುದು.

6. ಪ್ರತಿಯೊಂದು ಜೋಡಣೆಯೂ ಗಾಳಿ ನುಸುಳದಂತೆ ಬಿಗಿಯಾಗಿರಬೇಕು. ತಿರುಪು ಜೋಡಣೆಗೆ ಸಣಬಿನ ನಾರು ಮತ್ತು ಬಣ್ಣ, ಇಲ್ಲವೆ ಟೆಫ್ಲಾನ್ ಟೇಪು ಸುತ್ತಿ. ಫ್ಲೇಂಜಿಗೆ ಹೊಸ ರಬ್ಬರ್ ವಾಷರ್ ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

7. ಕೊಳವೆಯ ಭಾರವನ್ನು ಪಂಪಿನ ಮೇಲೆ ಹಾಕಬೇಡಿ. ಕ್ಲಾಂಪು ಹಾಕಿ ಬಾವಿಯ ಗೋಡೆಗೋ ತೊಲೆಗೋ ಬಿಗಿಯಿರಿ. ಇಲ್ಲವಾದರೆ ಅದುರಿ ಅದುರಿ ಜೋಡಣೆ ಸಡಿಲವಾಗುತ್ತದೆ.

ಡೆಲಿವರಿ ಕೊಳವೆಯಲ್ಲಿ ಸೋರಿಕೆಯಾದರೆ ನೀರು ಹೊರಗೆ ಕಾಣುತ್ತದೆ. ಹೀರು ಕೊಳವೆಯಲ್ಲಿ ಸೋರಿಕೆಯಾದರೆ ಹನಿ ನೀರೂ ಹೊರಬರುವುದಿಲ್ಲ, ಗಾಳಿ ಒಳಕ್ಕೆ ಹೋಗುತ್ತದೆ. ಆದ್ದರಿಂದಲೇ ಅದು ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯುತ್ತದೆ.

ಫುಟ್‌ವಾಲ್ವು

ಫುಟ್‌ವಾಲ್ವಿನ ಕೆಲಸ ಎರಡು: ಪಂಪು ನಿಂತಾಗ ಕೊಳವೆಯ ನೀರು ಕೆಳಗಿಳಿಯದಂತೆ ತಡೆಯುವುದು ಮತ್ತು ಕಸ ಒಳಗೆ ಹೋಗದಂತೆ ಸೋಸುವುದು. ಅಗ್ಗದ ಫುಟ್‌ವಾಲ್ವುಗಳಲ್ಲಿ ಜರಡಿಯ ತೂತುಗಳು ಕಡಿಮೆ, ಒಳಗಿನ ಮುಚ್ಚಳ ಪೂರ್ತಿ ತೆರೆದುಕೊಳ್ಳುವುದಿಲ್ಲ. ಜರಡಿಯ ಎಲ್ಲ ತೂತುಗಳ ಒಟ್ಟು ವಿಸ್ತೀರ್ಣ ಕೊಳವೆಯ ಬಾಯಿಯ ವಿಸ್ತೀರ್ಣದ ಮೂರು ಪಟ್ಟಾದರೂ ಇರಬೇಕು. ಕೊಳ್ಳುವಾಗ ಐ.ಎಸ್. 10805ರ ಗುರುತು ಇದೆಯೇ ನೋಡಿ. ನೀರಾವರಿ ಪಂಪುಗಳ ಫುಟ್‌ವಾಲ್ವುಗಳಿಗೆಂದೇ ನಿಗದಿಯಾದ ಭಾರತೀಯ ಮಾನಕ ಇದು.

ಬೇಸಿಗೆಯ ಅತಿ ಕಡಿಮೆ ನೀರಿನಲ್ಲಿಯೂ ಫುಟ್‌ವಾಲ್ವು ಎರಡು ಅಡಿಯಾದರೂ ಮುಳುಗಿರಬೇಕು. ಇಲ್ಲವಾದರೆ ನೀರಿನಲ್ಲಿ ಸುಳಿ ಎದ್ದು, ಅದರ ಮೂಲಕ ಗಾಳಿ ಒಳಸೇರುತ್ತದೆ. ಬಾವಿಯ ತಳದಿಂದ ಒಂದರಿಂದ ಒಂದೂವರೆ ಅಡಿ ಮೇಲಿದ್ದರೆ ಹೂಳು ಮತ್ತು ಮರಳು ಸೇರುವುದಿಲ್ಲ. ವರ್ಷಕ್ಕೊಮ್ಮೆ ಮೇಲೆತ್ತಿ, ಜರಡಿ ತೊಳೆದು, ಮುಚ್ಚಳದ ಚರ್ಮ ಅಥವಾ ರಬ್ಬರು ಸವೆದಿದ್ದರೆ ಬದಲಾಯಿಸಿ.

ಕೆರೆ ಮತ್ತು ಕೃಷಿ ಹೊಂಡಗಳಲ್ಲಿ

ಕೆರೆಯಿಂದ ನೀರೆತ್ತುವ ಮೊದಲು ಆ ಕೆರೆಯ ಉಸ್ತುವಾರಿ ಹೊತ್ತಿರುವ ಇಲಾಖೆ ಅಥವಾ ಪಂಚಾಯಿತಿಯ ಅನುಮತಿ ಪಡೆಯಿರಿ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತು: ಕೊಳವೆ ಹಾಯಿಸಲೆಂದು ಕೆರೆ ಏರಿಯನ್ನು ಎಂದಿಗೂ ಕೊರೆಯಬಾರದು, ಅಗೆಯಬಾರದು. ಮಣ್ಣಿನ ಏರಿಯಲ್ಲಿ ಕೊಳವೆಯ ಹೊರಮೈಯನ್ನು ಹಿಡಿದೇ ನೀರು ಜಿನುಗಲು ತೊಡಗುತ್ತದೆ. ಜಿನುಗು ಮಣ್ಣನ್ನು ಕೊಂಡೊಯ್ದು ಬಿಲವಾಗುತ್ತದೆ. ಒಂದು ದೊಡ್ಡ ಮಳೆಗೆ ಏರಿಯೇ ಒಡೆಯಬಹುದು. ಒಬ್ಬರ ಕೊಳವೆಗಾಗಿ ಊರಿನ ಕೆರೆಯೂ ಅಚ್ಚುಕಟ್ಟಿನ ಗದ್ದೆಗಳೂ ಹೋಗುವುದು ಬೇಡ. ಪಂಪನ್ನು ನೀರಿನ ಬದಿಯಲ್ಲೇ ಇಟ್ಟು, ಡೆಲಿವರಿ ಕೊಳವೆಯನ್ನು ಏರಿಯ ಮೇಲಿನಿಂದಲೇ ದಾಟಿಸಬೇಕು. ಹೀರು ಕೊಳವೆಯನ್ನು ಏರಿಯ ಮೇಲೆ ಹಾಯಿಸಿ ಪಂಪನ್ನು ಆಚೆ ಬದಿಗಿಡುವ ಪ್ರಯತ್ನ ಬೇಡ. ಮೇಲೆ ಹೇಳಿದ ಡುಬ್ಬದ ದೋಷ ಅಲ್ಲಿ ಖಂಡಿತ ಬರುತ್ತದೆ.

ಕೆರೆಯಲ್ಲಿ ನೀರು ಹಿಂದೆ ಸರಿಯುತ್ತ ಹೋಗುತ್ತದೆ. ಹೀರು ಕೊಳವೆಯನ್ನೇ ಉದ್ದ ಮಾಡುತ್ತ ಹೋಗುವುದಕ್ಕಿಂತ ಪಂಪನ್ನು ನೀರಿನ ಹತ್ತಿರಕ್ಕೆ ಒಯ್ದು ಡೆಲಿವರಿ ಕೊಳವೆಯನ್ನು ಉದ್ದ ಮಾಡುವುದೇ ಸರಿ. ತಂತಿಯ ಸುರುಳಿಯಿರುವ ದಪ್ಪ ರಬ್ಬರ್ ಹೋಸ್ ಬಳಸಿ, ಫುಟ್‌ವಾಲ್ವನ್ನು ಖಾಲಿ ಡ್ರಮ್ಮಿಗೆ ತೂಗುಹಾಕಿ ತೇಲಿಸಿದರೆ ಅದು ಕೆಸರಿಗೆ ತಾಗುವುದಿಲ್ಲ. ಪಾಚಿ, ಜೊಂಡು, ಅಂತರಗಂಗೆ ಇರುವಲ್ಲಿ ಫುಟ್‌ವಾಲ್ವಿನ ಸುತ್ತ ಬಿದಿರಿನ ಬುಟ್ಟಿ ಅಥವಾ ತಂತಿ ಬಲೆಯ ಪಂಜರ ಕಟ್ಟಿ.

2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಒಣಭೂಮಿಯಲ್ಲಿಯೂ ಕೃಷಿ ಹೊಂಡಗಳು ಬಂದಿವೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡಗಳಲ್ಲಿ ಫುಟ್‌ವಾಲ್ವನ್ನು ತಳಕ್ಕೆ ಬಿಟ್ಟರೆ ಅದು ಹಾಳೆಯನ್ನು ಕಚ್ಚಿಕೊಂಡು ಹರಿಯುತ್ತದೆ. ಹರಿದ ಹಾಳೆಯಿಂದ ಕೂಡಿಟ್ಟ ನೀರೆಲ್ಲ ಇಂಗಿಹೋಗುತ್ತದೆ. ಇಲ್ಲಿಯೂ ತೇಲುವ ಡ್ರಮ್ಮಿಗೆ ತೂಗುಹಾಕುವುದೇ ಕ್ಷೇಮ.

ಡೆಲಿವರಿ ಕೊಳವೆ: ವ್ಯಾಸದಲ್ಲಿ ಜಿಪುಣತನ ಬೇಡ

ಪಂಪಿನಿಂದ ಹೊಲಕ್ಕೆ ನೀರು ಸಾಗಿಸುವ ಕೊಳವೆಯಲ್ಲಿ ಘರ್ಷಣೆ ಎಷ್ಟೆಂಬುದು ಅದರ ಒಳವ್ಯಾಸವನ್ನು ಅವಲಂಬಿಸಿದೆ. ಪ್ರತಿ 100 ಮೀಟರ್ ಉದ್ದದ ನುಣುಪಾದ ಪಿ.ವಿ.ಸಿ. ಕೊಳವೆಯಲ್ಲಿ ಆಗುವ ನಷ್ಟ ಸುಮಾರು ಹೀಗಿರುತ್ತದೆ:

ಒಳವ್ಯಾಸ 65 ಮಿ.ಮೀ. – ಸೆಕೆಂಡಿಗೆ 5 ಲೀಟರ್ ಹರಿದಾಗ 3.7 ಮೀಟರ್, 10 ಲೀಟರ್ ಹರಿದಾಗ 13.5 ಮೀಟರ್
ಒಳವ್ಯಾಸ 75 ಮಿ.ಮೀ. – 5 ಲೀಟರಿಗೆ 1.9 ಮೀಟರ್, 10 ಲೀಟರಿಗೆ 6.7 ಮೀಟರ್
ಒಳವ್ಯಾಸ 100 ಮಿ.ಮೀ. – 5 ಲೀಟರಿಗೆ 0.5 ಮೀಟರ್, 10 ಲೀಟರಿಗೆ 1.7 ಮೀಟರ್

ತುಕ್ಕು ಹಿಡಿದ ಹಳೆಯ ಕಬ್ಬಿಣದ ಕೊಳವೆಗಳಲ್ಲಿ ಈ ನಷ್ಟ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ನಿಮ್ಮ ಹೊಲ ಬಾವಿಯಿಂದ 150 ಮೀಟರ್ ದೂರದಲ್ಲಿದೆ, ಬಾವಿಯ ನೀರಿನ ಮಟ್ಟದಿಂದ ಹೊಲಕ್ಕೆ 15 ಮೀಟರ್ ಎತ್ತರವಿದೆ, ಸೆಕೆಂಡಿಗೆ 10 ಲೀಟರ್ ನೀರು ಬೇಕು ಎಂದಿಟ್ಟುಕೊಳ್ಳಿ. 75 ಮಿ.ಮೀ. ಕೊಳವೆಯಲ್ಲಿ ಘರ್ಷಣೆಗೇ 10 ಮೀಟರ್ ಹೋಗುತ್ತದೆ. ಹೀರು ಕೊಳವೆ ಮತ್ತು ಬಾಗುಗಳಿಗೆ 2 ಮೀಟರ್ ಸೇರಿಸಿದರೆ ಒಟ್ಟು 27 ಮೀಟರ್. ಪಂಪಿನ ದಕ್ಷತೆ ಶೇಕಡ 60 ಎಂದರೆ 6 ಅಶ್ವಶಕ್ತಿ ಬೇಕು, ಎಂದರೆ ಏಳೂವರೆ ಅಶ್ವಶಕ್ತಿಯ ಮೋಟಾರು ಕೊಳ್ಳಬೇಕು. 100 ಮಿ.ಮೀ. ಕೊಳವೆಯಲ್ಲಾದರೆ ಘರ್ಷಣೆ ಎರಡೂವರೆ ಮೀಟರ್, ಒಟ್ಟು 19.5 ಮೀಟರ್, 5 ಅಶ್ವಶಕ್ತಿಯ ಮೋಟಾರು ಸಾಕು. ಕೊಳವೆಗೆ ಹೆಚ್ಚು ಕೊಟ್ಟ ಹಣದಲ್ಲಿ ಒಂದು ಪಾಲು ಮೋಟಾರಿನ ಬೆಲೆಯಲ್ಲೇ ಉಳಿಯುತ್ತದೆ. ಉಳಿದದ್ದನ್ನು ಪ್ರತಿ ದಿನದ ನೀರು ತೀರಿಸುತ್ತದೆ.

ಕೊಳ್ಳುವಾಗ ಒಂದು ವಿಷಯ ನೆನಪಿರಲಿ. ಪಿ.ವಿ.ಸಿ. ಕೊಳವೆಗಳನ್ನು ಹೊರವ್ಯಾಸದಿಂದ ಕರೆಯುತ್ತಾರೆ. 75 ಮಿ.ಮೀ. ಎಂದು ತಂದ ಕೊಳವೆಯ ಒಳವ್ಯಾಸ 70ರ ಆಸುಪಾಸಿನಲ್ಲಿರುತ್ತದೆ. 100 ಮಿ.ಮೀ. ಒಳವ್ಯಾಸ ಬೇಕಾದರೆ 110 ಮಿ.ಮೀ. ಕೊಳವೆ ಕೇಳಬೇಕು. ಐ.ಎಸ್. 4985 ಗುರುತು ಇರುವುದನ್ನೇ ಕೊಳ್ಳಿ.

ಕೊಳವೆಯ ತುದಿಯನ್ನು ತೊಟ್ಟಿ ಅಥವಾ ಕಾಲುವೆಯ ಮಟ್ಟಕ್ಕಿಂತ ಮೇಲೆತ್ತಿ ನೀರು ಧುಮ್ಮಿಕ್ಕುವಂತೆ ಮಾಡುವುದು ನೋಡಲು ಚೆಂದ. ಆದರೆ ಎತ್ತಿದ ಪ್ರತಿ ಅಡಿಯೂ ವ್ಯರ್ಥ. ತುದಿ ಆದಷ್ಟು ತಗ್ಗಿನಲ್ಲಿರಲಿ. ಪಂಪಿನ ಪಕ್ಕದಲ್ಲಿ ಒಂದು ಗೇಟ್‌ವಾಲ್ವು ಇರಲಿ. ಎತ್ತರ 15 ಮೀಟರಿಗೂ ಹೆಚ್ಚಿದ್ದರೆ ನೀರು ಹಿಂದಕ್ಕೆ ಬರುವುದನ್ನು ತಡೆಯುವ ರಿಫ್ಲಕ್ಸ್ ವಾಲ್ವನ್ನೂ ಹಾಕಿಸಿ. ಇಲ್ಲವಾದರೆ ವಿದ್ಯುತ್ ಥಟ್ಟನೆ ಹೋದಾಗ ಹಿಂದಿರುಗುವ ನೀರಿನ ಹೊಡೆತಕ್ಕೆ ಪಂಪಿನ ಮೈಯೋ ಫುಟ್‌ವಾಲ್ವೋ ಒಡೆಯಬಹುದು.

ಪಿ.ವಿ.ಸಿ. ಕೊಳವೆ ಬಿಸಿಲಿಗೆ ಪೆಡಸಾಗುತ್ತದೆ. ಆದ್ದರಿಂದ ಎರಡರಿಂದ ಮೂರು ಅಡಿ ಆಳದ ಕಾಲುವೆ ತೆಗೆದು, ತಳಕ್ಕೆ ಮರಳು ಅಥವಾ ಜರಡಿ ಹಿಡಿದ ಮಣ್ಣು ಹಾಸಿ ಹೂಳಬೇಕು. ಕೊಳವೆಗೆ ಕಲ್ಲು ತಾಗಬಾರದು. ಅಂಟಿಸಿದ ಜೋಡಣೆಗಳನ್ನು 24 ಗಂಟೆ ಒಣಗಲು ಬಿಟ್ಟು, ನೀರು ಹಾಯಿಸಿ ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆಯೇ ಮಣ್ಣು ಮುಚ್ಚಿ.

ಮೊದಲ ದಿನದ ಪರೀಕ್ಷೆ

ಪಂಪು ಮತ್ತು ಹೀರು ಕೊಳವೆಗೆ ಮೇಲಿನವರೆಗೂ ನೀರು ತುಂಬಿ ಅರ್ಧ ಗಂಟೆ ಬಿಡಿ. ಮಟ್ಟ ಇಳಿದರೆ ಫುಟ್‌ವಾಲ್ವು ಅಥವಾ ಜೋಡಣೆ ಸೋರುತ್ತಿದೆ. ನೀರಿಲ್ಲದೆ ಪಂಪನ್ನು ಒಂದು ನಿಮಿಷವೂ ನಡೆಸಬೇಡಿ. ಗೇಟ್‌ವಾಲ್ವು ಮುಚ್ಚಿ ಚಾಲೂ ಮಾಡಿ, ಮೋಟಾರು ಪೂರ್ಣ ವೇಗಕ್ಕೆ ಬಂದ ಮೇಲೆ ನಿಧಾನವಾಗಿ ತೆರೆಯಿರಿ.

ನೀರು ಹಾಲಿನಂತೆ ಬೆಳ್ಳಗೆ, ಗುಳ್ಳೆಗಳೊಡನೆ ಬಂದರೆ ಹೀರು ಕೊಳವೆಯಲ್ಲಿ ಗಾಳಿ ನುಸುಳುತ್ತಿದೆ. ಪಂಪು ನಡೆಯುತ್ತಿರುವಾಗ ಒಂದೊಂದೇ ಜೋಡಣೆಗೆ ಸಾಬೂನಿನ ನೊರೆ ಹಚ್ಚಿ. ನೊರೆ ಒಳಕ್ಕೆ ಎಳೆದುಕೊಂಡ ಜಾಗವೇ ದೋಷದ ಜಾಗ. ಗ್ಲಾಂಡ್ ಇರುವ ಪಂಪಾದರೆ ಅಲ್ಲಿಂದ ನೀರು ಹನಿಹನಿಯಾಗಿ ತೊಟ್ಟಿಕ್ಕುತ್ತಿರಬೇಕು. ಪೂರ್ತಿ ಒಣಗಿದ್ದರೆ ಅಲ್ಲಿಂದಲೂ ಗಾಳಿ ಸೇರಬಹುದು. ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂತೆ ಸದ್ದು ಬಂದರೆ ನೀರಿನ ಮಟ್ಟ ಮಿತಿ ಮೀರಿ ಕೆಳಗಿದೆ, ಇಲ್ಲವೆ ಫುಟ್‌ವಾಲ್ವು ಕಟ್ಟಿಕೊಂಡಿದೆ ಎಂದು ತಿಳಿಯಿರಿ. ಹಾಗೆಯೇ ನಡೆಸಿದರೆ ಒಳಗಿನ ಚಕ್ರ ತೂತು ಬೀಳುತ್ತದೆ.

ಕೊನೆಯದಾಗಿ, 200 ಲೀಟರಿನ ಡ್ರಮ್ಮೊಂದನ್ನು ಕೊಳವೆಯ ಬಾಯಿಗಿಟ್ಟು, ಗಡಿಯಾರ ನೋಡಿ, ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ಪಂಪುಮನೆಯ ಗೋಡೆಯ ಮೇಲೆ ತಾರೀಖಿನೊಡನೆ ಬರೆದಿಡಿ. 20 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 10 ಲೀಟರ್. ತಿಂಗಳಿಗೊಮ್ಮೆ ಹೀಗೆಯೇ ಅಳೆಯಿರಿ. ಬೇಸಿಗೆಯಲ್ಲಿ ಬಾವಿಯ ನೀರು ಇಳಿದಂತೆ ಒಂದೆರಡು ಸೆಕೆಂಡು ಹೆಚ್ಚಾಗುವುದು ಸಹಜ. 28 ಸೆಕೆಂಡು ಹಿಡಿದರೆ ಪಂಪನ್ನು ಬಿಚ್ಚುವ ಮೊದಲು ಫುಟ್‌ವಾಲ್ವನ್ನೂ ಜೋಡಣೆಗಳನ್ನೂ ನೋಡಿ.

ಪಂಪನ್ನು ಬೇಸಿಗೆಯ ನೀರಿಗೆ ಹತ್ತಿರವಿಡಿ, ಹೀರು ಕೊಳವೆಯನ್ನು ಗಿಡ್ಡವಾಗಿ, ದಪ್ಪವಾಗಿ, ಗಾಳಿಯಾಡದಂತೆ ಜೋಡಿಸಿ, ಡೆಲಿವರಿ ಕೊಳವೆಯ ವ್ಯಾಸದಲ್ಲಿ ಕೈ ಬಿಗಿಹಿಡಿಯಬೇಡಿ. ಇಷ್ಟು ಮಾಡಿದರೆ ಇರುವ ಪಂಪಿನಿಂದಲೇ, ಸಿಗುವ ವಿದ್ಯುತ್ತಿನ ಗಂಟೆಗಳಲ್ಲೇ ಕೊನೆಯ ಮಡಿಗೂ ನೀರು ತಲುಪುತ್ತದೆ. ನಿಮ್ಮ ಬಾವಿಗೆ ತಕ್ಕ ಲೆಕ್ಕ ಹಾಕಿಸಿಕೊಳ್ಳಲು ಬೇಸಿಗೆಯ ನೀರಿನ ಮಟ್ಟ, ಹೊಲದ ಎತ್ತರ ಮತ್ತು ದೂರ, ಈ ಮೂರು ಅಳತೆಗಳನ್ನು ಬರೆದುಕೊಂಡು ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.